ಪದವಿ ಕಾಲೇಜಿನ ಸಾಮಾನ್ಯ ಶಿಕ್ಷಣ ಪತ್ರಿಕೆಗಳು ಹೇಗೆ ಬದಲಾಗಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಬಂದು ಪದವಿ ಪ್ರವೇಶ ಶುರುವಾದ ಕೂಡಲೇ ಬೆಂಗಳೂರಿನ ಕಾಲೇಜುಗಳಲ್ಲಿ ಮಕ್ಕಳೂ ಹೆತ್ತವರೂ ಕೇಳುವ ಕೆಲವು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗುವುದೇ ಇಲ್ಲ. ಬಿ.ಕಾಂ. ಸೇರಿದವರಿಗೆ ಪರಿಸರ ಅಧ್ಯಯನ ಏಕೆ? ಬಿ.ಎಸ್ಸಿ. ಓದುವ ಹುಡುಗಿ ಸಂವಿಧಾನದ ಪರೀಕ್ಷೆ ಏಕೆ ಬರೆಯಬೇಕು? ‘ಕಡ್ಡಾಯ, ಬರೆಯಲೇಬೇಕು’ ಎಂದು ಹೇಳಿ ಕಳುಹಿಸುತ್ತೇವೆ. ನಗರದ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಬೋಧಿಸುತ್ತಾ, ಈ ಕಡ್ಡಾಯ ಪತ್ರಿಕೆಗಳ ಪಾಠವನ್ನೂ ಮಾಡಿರುವ ನನಗೆ ಆ ಉತ್ತರ ಸಾಲದು ಎನಿಸುತ್ತದೆ. ವಿದ್ಯಾರ್ಥಿಗಳು, ಪೋಷಕರು, ಸಹೋದ್ಯೋಗಿಗಳು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಉತ್ತರಗಳಲ್ಲಿ ಮಾಹಿತಿಯ ಜೊತೆಗೆ ನನ್ನ ಅಭಿಪ್ರಾಯವೂ ಇದೆ.

ಸಾಮಾನ್ಯ ಶಿಕ್ಷಣ ಎಂದರೆ ಯಾವ ಪತ್ರಿಕೆಗಳು?

ನೀವು ಆರಿಸಿಕೊಂಡ ಮುಖ್ಯ ವಿಷಯಗಳ ಹೊರಗೆ, ಎಲ್ಲ ವಿದ್ಯಾರ್ಥಿಗಳೂ ಓದಬೇಕೆಂದು ಇಟ್ಟಿರುವವು. ಭಾಷೆಗಳು, ಪರಿಸರ ಅಧ್ಯಯನ, ಸಂವಿಧಾನ, ಕಂಪ್ಯೂಟರ್ ಬಳಕೆಗೆ ಸಂಬಂಧಿಸಿದ ಕೌಶಲ ಪತ್ರಿಕೆಗಳು, ಬೇರೆ ವಿಭಾಗದಿಂದ ಆರಿಸಿಕೊಳ್ಳುವ ಓಪನ್ ಎಲೆಕ್ಟಿವ್, ಇವೆಲ್ಲ ಇದರಲ್ಲಿ ಬರುತ್ತವೆ. ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಹೆಸರುಗಳು ಬದಲಾಗುತ್ತವೆ. ನಿಮ್ಮ ಅಂಕಪಟ್ಟಿಯಲ್ಲಿ ಒಂದೋ ಎರಡೋ ಮೂರೋ ಕ್ರೆಡಿಟ್ ಇರುವ ಚಿಕ್ಕ ಪತ್ರಿಕೆಗಳನ್ನು ಹುಡುಕಿದರೆ ಬಹುತೇಕ ಇವೇ ಸಿಗುತ್ತವೆ.

ಇವು ಎಲ್ಲಿಂದ ಬಂದವು? ಯಾರ ಯೋಚನೆ?

ಒಬ್ಬರದಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಸರ್ವಪಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ 1949ರಲ್ಲಿ ವರದಿ ಕೊಟ್ಟಿತು. ಒಂದು ವಿಷಯದಲ್ಲಿ ಪರಿಣತಿ ಪಡೆಯುವುದರ ಜೊತೆಗೆ ಪ್ರತಿ ಪದವೀಧರನಿಗೂ ಸಾಮಾನ್ಯ ಶಿಕ್ಷಣ ಬೇಕು ಎಂಬ ಮಾತು ಆ ವರದಿಯಲ್ಲೇ ಇದೆ. ಪರಿಸರ ಅಧ್ಯಯನದ ದಾರಿ ಬೇರೆ. ಅದು ನ್ಯಾಯಾಲಯದಿಂದ ಬಂದದ್ದು. ವಕೀಲ ಎಂ.ಸಿ. ಮೆಹ್ತಾ ಅವರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಹೇಳಿತು. 2003ರಲ್ಲಿ ಮತ್ತೆ ಬಿಗಿಯಾಗಿ ಹೇಳಿದ ಮೇಲೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಎಲ್ಲ ಪದವಿಗಳಿಗೂ ಆರು ತಿಂಗಳ ಪಠ್ಯವೊಂದನ್ನು ರೂಪಿಸಿತು. 2015ರಲ್ಲಿ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ ಬಂದಾಗ ಬೇರೆ ವಿಭಾಗದ ಪತ್ರಿಕೆ ಓದುವ ಅವಕಾಶ ದೊಡ್ಡದಾಯಿತು.

ಹೀಗೆ ಒಂದೊಂದು ಕಾಲದಲ್ಲಿ ಒಂದೊಂದು ಕಾರಣಕ್ಕೆ ಸೇರುತ್ತಾ ಹೋದವು. ಎಲ್ಲವನ್ನೂ ಒಟ್ಟಿಗೆ ಹರಡಿಕೊಂಡು, ಇವು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವ ಕೆಲಸ ನಡೆದದ್ದು ಬಹಳ ಕಡಿಮೆ.

ನಮ್ಮ ಅಕ್ಕನದು ಎನ್‌ಇಪಿ ಬ್ಯಾಚ್, ನನ್ನದು ಎಸ್‌ಇಪಿ. ಏನು ವ್ಯತ್ಯಾಸ?

ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಶಿಕ್ಷಣ ನೀತಿಯನ್ನು (ಎನ್‌ಇಪಿ) ಒಪ್ಪಿದ್ದು 2020ರ ಜುಲೈನಲ್ಲಿ. ಪದವಿ ಹಂತದಲ್ಲಿ ಅದನ್ನು ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. 2021–22ರಲ್ಲಿ ಸೇರಿದವರಿಗೆ ನಾಲ್ಕು ವರ್ಷದ ಆನರ್ಸ್, ವರ್ಷಕ್ಕೊಂದು ನಿರ್ಗಮನದ ಬಾಗಿಲು, ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿ, ಯೋಗ, ಕ್ರೀಡೆ ಎಲ್ಲವೂ ಒಟ್ಟಿಗೆ ಬಂದವು. 2023ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ (ಎಸ್‌ಇಪಿ) ಆಯೋಗವನ್ನು ರಚಿಸಿತು. ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಹೊರಟು, 2024–25ರಿಂದ ಮತ್ತೆ ಮೂರು ವರ್ಷದ ಪದವಿ ಬಂತು. ಅಂತಿಮ ವರದಿ 2025ರ ಆಗಸ್ಟ್‌ನಲ್ಲಿ ಸಲ್ಲಿಕೆಯಾಯಿತು.

ಹಳೆಯ ಬ್ಯಾಚುಗಳು ತಾವು ಸೇರಿದ ಪಠ್ಯಕ್ರಮದಲ್ಲೇ ಮುಗಿಸುತ್ತವೆ. ಇದರಿಂದ ಒಂದೇ ಕಾಲೇಜಿನಲ್ಲಿ, ಒಂದೇ ಕಾರಿಡಾರಿನಲ್ಲಿ, ಎರಡು ನೀತಿಗಳ ಮಕ್ಕಳು ಓದಿದರು. ಇಬ್ಬರಿಗೂ ಪಾಠ ಹೇಳಿದವರು ಅದೇ ಅಧ್ಯಾಪಕರು. ನೀತಿಯ ಹೆಸರಿನ ಮೇಲೆ ನಡೆದಷ್ಟು ಚರ್ಚೆ ತರಗತಿಯಲ್ಲಿ ಏನು ನಡೆಯುತ್ತಿದೆ ಎಂಬುದರ ಮೇಲೆ ನಡೆಯಲಿಲ್ಲ ಎಂಬುದು ನನ್ನ ದೊಡ್ಡ ಕೊರಗು.

ಈಗಿರುವ ಪತ್ರಿಕೆಗಳಲ್ಲಿ ತಪ್ಪೇನಿದೆ?

ಮೊದಲನೆಯದು, ಇವಕ್ಕೆ ವಾರಸುದಾರರಿಲ್ಲ. ಭೌತಶಾಸ್ತ್ರಕ್ಕೆ ಒಂದು ವಿಭಾಗವಿದೆ, ವಾಣಿಜ್ಯಕ್ಕೆ ಇನ್ನೊಂದು. ಪರಿಸರ ಅಧ್ಯಯನಕ್ಕೆ ಹೆಚ್ಚಿನ ಕಾಲೇಜುಗಳಲ್ಲಿ ವಿಭಾಗವೇ ಇಲ್ಲ. ವೇಳಾಪಟ್ಟಿ ಹಾಕುವಾಗ ಯಾರ ಕಾರ್ಯಭಾರದಲ್ಲಿ ಎರಡು ಗಂಟೆ ಕಡಿಮೆ ಬೀಳುತ್ತದೋ ಅವರ ಹೆಸರಿಗೆ ಈ ಪತ್ರಿಕೆ ಬರುತ್ತದೆ. ಈ ವರ್ಷ ಹಿಂದಿ ಅಧ್ಯಾಪಕರು, ಮುಂದಿನ ವರ್ಷ ಗಣಿತದವರು. ಒಂದು ಪತ್ರಿಕೆಯನ್ನು ಸತತವಾಗಿ ಹೇಳಿ, ತಿದ್ದಿ, ಬೆಳೆಸುವ ಅವಕಾಶ ಯಾರಿಗೂ ಸಿಗುವುದಿಲ್ಲ.

ಎರಡನೆಯದು, ಅಳತೆ. ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರ್ ಪೂರ್ತಿ ವಾರಕ್ಕೆ ಒಂದು ಗಂಟೆಯ ಪಾಠ. ಎರಡು ಕ್ರೆಡಿಟ್‌ನ ಪತ್ರಿಕೆಗೆ ಸುಮಾರು 30 ಗಂಟೆ. ಆ 30 ಗಂಟೆಯಲ್ಲಿ ಜೀವವೈವಿಧ್ಯ, ಇಂಧನ, ಮಾಲಿನ್ಯ, ಹವಾಮಾನ ಬದಲಾವಣೆ, ಪರಿಸರ ಕಾನೂನು, ಜನಸಂಖ್ಯೆ ಎಲ್ಲವನ್ನೂ ಮುಗಿಸಬೇಕು. ಮುಗಿಸುತ್ತೇವೆ. ಯಾವುದೂ ತಲೆಯಲ್ಲಿ ಉಳಿಯುವುದಿಲ್ಲ.

ಮೂರನೆಯದು, ಪರೀಕ್ಷೆ. ‘ಮಾಲಿನ್ಯ ಎಂದರೇನು? ಕಾರಣಗಳನ್ನು ವಿವರಿಸಿ.’ ಈ ಮಾದರಿಯ ಪ್ರಶ್ನೆಗೆ ವರ್ಷವಿಡೀ ತರಗತಿಗೆ ಬರಬೇಕಾಗಿಲ್ಲ. ಕಾಲೇಜಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪರೀಕ್ಷೆಯ ಹಿಂದಿನ ಸಂಜೆ ಸಿಗುವ ಹತ್ತು ಹನ್ನೆರಡು ಪುಟದ ನೋಟ್ಸ್ ಸಾಕು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿಬಂದದ್ದನ್ನು, ಆ ಕೆರೆಗೆ ಬೆಂಕಿ ಬಿದ್ದದ್ದನ್ನು ಕಂಡು ಕೇಳಿ ಬೆಳೆದ ಮಕ್ಕಳು ಉತ್ತರ ಪತ್ರಿಕೆಯಲ್ಲಿ ಜಲಮಾಲಿನ್ಯಕ್ಕೆ ಎಂದೂ ನೋಡದ ಗಂಗಾ ನದಿಯ ಉದಾಹರಣೆ ಕೊಡುತ್ತಾರೆ. ಮೌಲ್ಯಮಾಪನ ಮಾಡುವಾಗ ಆ ಸಾಲುಗಳನ್ನು ಓದಿ ಅಂಕ ಹಾಕುವುದು ಸಂಕಟದ ಕೆಲಸ. ತಪ್ಪು ಆ ಮಕ್ಕಳದಲ್ಲ, ನೋಟ್ಸಿನಲ್ಲಿ ಹಾಗೆ ಇದೆ.

ಅಷ್ಟು ಕೆಟ್ಟಿದ್ದರೆ ತೆಗೆದೇ ಹಾಕಬಹುದಲ್ಲ? ಕೆಲಸ ಸಿಗಲು ಇವೇನು ಬೇಕಾಗಿಲ್ಲ.

ಪೋಷಕರು ಇದನ್ನು ಕೇಳಿದಾಗ ನನಗೆ ಸಿಟ್ಟು ಬರುವುದಿಲ್ಲ. ಸಾಲ ಮಾಡಿ ಫೀಸು ಕಟ್ಟಿದವರು ಕೆಲಸದ ಮಾತು ಆಡಲೇಬೇಕು. ಆದರೆ ಕೆಲಸದ ಜಾಗದಲ್ಲಿ ಏನು ನಡೆಯುತ್ತದೆ ನೋಡಿ. ಒಂದು ವರದಿಯನ್ನು ಓದಿ ಅದರ ತಿರುಳನ್ನು ಅರ್ಧ ಪುಟದಲ್ಲಿ ಹೇಳಬೇಕಾಗುತ್ತದೆ. ಪಟ್ಟಿಯೊಂದರಲ್ಲಿನ ಅಂಕಿಗಳನ್ನು ನಂಬಬಹುದೇ ಎಂದು ಅಳೆಯಬೇಕಾಗುತ್ತದೆ. ಬೇರೆ ಊರಿನ, ಬೇರೆ ಭಾಷೆಯ, ಬೇರೆ ವಿಷಯ ಓದಿದ ಐದು ಜನರೊಡನೆ ಕೂತು ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ. ಇವನ್ನು ಕಲಿಸಲು ಪದವಿಯಲ್ಲಿ ಬೇರೆ ಜಾಗವಿಲ್ಲ. ಇಂದು ಕಲಿಸಿದ ಸಾಫ್ಟ್‌ವೇರ್ ಹಳೆಯದಾಗಲು ಹೆಚ್ಚು ಕಾಲ ಬೇಡ. ಅಂಕಿ ಓದುವ, ಬರೆದು ತಿಳಿಸುವ ಅಭ್ಯಾಸ ಹಾಗೆ ಹಳೆಯದಾಗುವುದಿಲ್ಲ.

ಕೆಲಸದಾಚೆಗೂ ಒಂದು ಮಾತಿದೆ. ಪದವಿ ಕಾಲೇಜಿಗೆ ಬರುವ ಬಹುಪಾಲು ಮಕ್ಕಳಿಗೆ ಮತದಾನದ ವಯಸ್ಸು ಬರುವುದು ಇದೇ ವರ್ಷಗಳಲ್ಲಿ. ಮೂರು ವರ್ಷದ ಬಳಿಕ ಅನೇಕರು ಮತ್ತೆಂದೂ ತರಗತಿಯಲ್ಲಿ ಕೂರುವುದಿಲ್ಲ. ಇದು ಕೊನೆಯ ಅವಕಾಶ.

ನೀವು ಹೇಳುವ ಬದಲಾವಣೆ ಹೇಗಿರುತ್ತದೆ? ಒಂದು ಉದಾಹರಣೆ ಕೊಡಿ.

ಚೂರು ಚೂರು ಪತ್ರಿಕೆಗಳ ಸಂಖ್ಯೆ ಕಡಿಮೆಯಾಗಲಿ, ಉಳಿದವು ಗಟ್ಟಿಯಾಗಲಿ. ಒಂದು ಸೆಮಿಸ್ಟರಿಗೆ ಒಂದೇ ಸಾಮಾನ್ಯ ಪತ್ರಿಕೆ, ನಾಲ್ಕು ಕ್ರೆಡಿಟ್, ಒಂದೇ ದೊಡ್ಡ ಪ್ರಶ್ನೆಯ ಸುತ್ತ. ಬೆಂಗಳೂರಿನಲ್ಲಿ ನಾನು ಮೊದಲು ಆರಿಸುವ ಪ್ರಶ್ನೆ: ನಮ್ಮ ಮನೆಯ ನಲ್ಲಿಗೆ ನೀರು ಹೇಗೆ ಬರುತ್ತದೆ?

ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಿಂದ, ಹಾರೋಹಳ್ಳಿ ಮತ್ತು ತಾತಗುಣಿಯ ಪಂಪಿಂಗ್ ಕೇಂದ್ರಗಳನ್ನು ದಾಟಿ ನಗರಕ್ಕೆ ಬರುತ್ತದೆ. ದಾರಿಯಲ್ಲಿ ಸುಮಾರು 500 ಮೀಟರ್ ಮೇಲೇರಬೇಕು. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಎಷ್ಟು ವಿದ್ಯುತ್ ಬೇಕು? ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ 49 ಲಕ್ಷ ಜೂಲ್, ಅಂದರೆ ಹತ್ತಿರಹತ್ತಿರ 1.36 ಯೂನಿಟ್. ಪಂಪಿನಲ್ಲೂ ಕೊಳವೆಯಲ್ಲೂ ಆಗುವ ನಷ್ಟ ಇದರಲ್ಲಿ ಸೇರಿಲ್ಲ. ತಿಂಗಳಿಗೆ 15,000 ಲೀಟರ್ ಬಳಸುವ ಮನೆಯ ನೀರನ್ನು ಮೇಲೆತ್ತಲು ಕನಿಷ್ಠ 20 ಯೂನಿಟ್. ಈ ಲೆಕ್ಕವನ್ನು ಬಿ.ಎ. ವಿದ್ಯಾರ್ಥಿನಿ ತಾನೇ ಮಾಡಿ ಮನೆಗೆ ಹೋಗಿ ನೀರಿನ ಬಿಲ್ ತೆಗೆದು ನೋಡಿದಾಗ ಅವಳಿಗೆ ಹುಟ್ಟುವ ಪ್ರಶ್ನೆಗಳನ್ನು ಯಾವ ನೋಟ್ಸೂ ಹುಟ್ಟಿಸುವುದಿಲ್ಲ. ಹತ್ತನೇ ತರಗತಿಯ ಬಳಿಕ ವಿಜ್ಞಾನ ಬಿಟ್ಟವರಿಗೂ ಈ ಗುಣಾಕಾರ ಕಷ್ಟವಲ್ಲ.

ಇಲ್ಲಿಂದ ಚರಿತ್ರೆಗೆ ಹೋಗಬಹುದು. 1894ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಮೊದಲ ಹಂತ. ಅದಕ್ಕೂ ಮುಂಚೆ ಊರಿಗೆ ನೀರುಣಿಸಿದ್ದು ಕೆರೆಗಳು. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ. ಕಾನೂನಿಗೆ ಹೋಗಬಹುದು: ಮೈಸೂರು ಮತ್ತು ಮದರಾಸಿನ ನಡುವಿನ 1892 ಹಾಗೂ 1924ರ ಒಪ್ಪಂದಗಳು, ರಾಜ್ಯಗಳ ನಡುವಿನ ನದಿ ನೀರಿನ ವಿವಾದ ಕುರಿತ ಸಂವಿಧಾನದ 262ನೇ ವಿಧಿ, 1990ರ ಕಾವೇರಿ ನ್ಯಾಯಮಂಡಳಿ, 2007ರ ಅಂತಿಮ ತೀರ್ಪು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಅರ್ಥಶಾಸ್ತ್ರಕ್ಕೂ ಇಲ್ಲಿ ಬೇಕಾದಷ್ಟು ಕೆಲಸವಿದೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ದರ ಏರಿದ್ದು ಏಕೆ? ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಯೋಜನೆಯ ಐದನೇ ಹಂತದ ಉದ್ಘಾಟನೆಯಾದದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. ಆ ಬೇಸಿಗೆಯಲ್ಲಿ ಹೆಚ್ಚು ಬೆಲೆ ತೆತ್ತವರು ಯಾರು?

ಒಂದು ಸೆಮಿಸ್ಟರ್ ಪೂರ್ತಿ ಇದೇ ಪ್ರಶ್ನೆಯೊಂದಿಗೆ ಕಳೆದರೆ ಪರಿಸರ, ಸಂವಿಧಾನ, ಗಣಿತ, ಚರಿತ್ರೆ ನಾಲ್ಕೂ ಒಂದೇ ಕಡೆ ಸಿಗುತ್ತವೆ. ಕೋಲಾರದ ಕಾಲೇಜು ಬೇರೆ ಪ್ರಶ್ನೆ ಆರಿಸಿಕೊಳ್ಳಲಿ, ರಾಯಚೂರಿನದು ಇನ್ನೊಂದು.

ಸಂವಿಧಾನದ ಪತ್ರಿಕೆಯೂ ಹೀಗೆ ಬದಲಾಗಬೇಕೇ?

ಮೊದಲು ಬದಲಾಗಬೇಕಾದದ್ದೇ ಅದು. ನಗರಾಡಳಿತಕ್ಕೆ ಸಂಬಂಧಿಸಿದ 74ನೇ ತಿದ್ದುಪಡಿ 1992ರದು ಎಂದು ನಮ್ಮ ಮಕ್ಕಳು ಒಂದು ಅಂಕಕ್ಕೆ ಬರೆಯುತ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದು, 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಕಾಯ್ದೆಯಡಿ ಐದು ಪಾಲಿಕೆಗಳು ರಚನೆಯಾಗುವವರೆಗೆ ಐದು ವರ್ಷ ತಮ್ಮ ವಾರ್ಡಿಗೆ ಕಾರ್ಪೊರೇಟರ್ ಇರಲಿಲ್ಲ ಎಂಬುದು ಅದೇ ಮಕ್ಕಳಿಗೆ ಗೊತ್ತಿಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಗಂಟೆ ಮಾತನಾಡಿದರೆ ತಿದ್ದುಪಡಿಯ ಉದ್ದೇಶ ಏನಾಗಿತ್ತು, ಅದು ಎಲ್ಲಿ ಸಿಕ್ಕಿಹಾಕಿಕೊಂಡಿತು ಎಂಬುದು ಅವರಿಗೇ ಕಾಣುತ್ತದೆ. ಮಾಹಿತಿ ಹಕ್ಕು ಅರ್ಜಿಯೊಂದನ್ನು ಬರೆಯುವುದು ಈ ಪತ್ರಿಕೆಯ ಕಡ್ಡಾಯ ಅಭ್ಯಾಸವಾಗಲಿ.

ಇಂಥ ಪಾಠ ಹೇಳುವವರು ಎಲ್ಲಿದ್ದಾರೆ?

ಅತಿ ಕಷ್ಟದ ಪ್ರಶ್ನೆ ಇದು. ಪಠ್ಯಕ್ರಮ ಬದಲಾದಾಗಲೆಲ್ಲ ಜಗಳ ಬರುವುದು ಪಾಠದ ಗಂಟೆಗಳ ಮೇಲೆ. ಒಂದು ಪತ್ರಿಕೆ ಹೋದರೆ ಆ ವಿಭಾಗದ ಕಾರ್ಯಭಾರ ಇಳಿಯುತ್ತದೆ. ಕಾರ್ಯಭಾರ ಇಳಿದರೆ ಮೊದಲು ಮನೆಗೆ ಹೋಗುವವರು ಅತಿಥಿ ಉಪನ್ಯಾಸಕರು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರ ದುಡಿಮೆಯಿಂದ. ಮುಂದಿನ ಸೆಮಿಸ್ಟರಿಗೆ ತನ್ನ ಹೆಸರು ವೇಳಾಪಟ್ಟಿಯಲ್ಲಿ ಇರುತ್ತದೆಯೇ ಎಂದು ತಿಳಿಯದವರಿಗೆ ಹೊಸ ಪತ್ರಿಕೆ ಕಟ್ಟಿ ಎಂದು ಹೇಳುವುದು ನ್ಯಾಯವಲ್ಲ.

ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟ. ಸಾಮಾನ್ಯ ಶಿಕ್ಷಣಕ್ಕೆ ಪ್ರತಿ ಕಾಲೇಜಿನಲ್ಲೂ ಒಂದು ಚಿಕ್ಕ ತಂಡ ಬೇಕು: ವಿಜ್ಞಾನದಿಂದ ಒಬ್ಬರು, ಸಮಾಜ ವಿಜ್ಞಾನದಿಂದ ಒಬ್ಬರು, ಭಾಷೆಯಿಂದ ಒಬ್ಬರು. ಕನಿಷ್ಠ ಮೂರು ವರ್ಷ ಅದೇ ತಂಡ ಇರಬೇಕು. ಇಬ್ಬರು ಒಟ್ಟಿಗೆ ಒಂದು ತರಗತಿಗೆ ಹೋದರೆ ಇಬ್ಬರ ಕಾರ್ಯಭಾರದಲ್ಲೂ ಆ ಗಂಟೆ ಪೂರ್ತಿ ಲೆಕ್ಕಕ್ಕೆ ಬರಬೇಕು. ತಂಡದಲ್ಲಿ ಅತಿಥಿ ಉಪನ್ಯಾಸಕರಿದ್ದರೆ ಅವರಿಗೂ ಆ ಮೂರು ವರ್ಷದ ಭರವಸೆ ಇರಬೇಕು. ಇದಕ್ಕೆ ಹಣ ಬೇಕು. ಹಣ ಕೊಡದೆ ಹೊರಡಿಸುವ ಆದೇಶ ಕಾಗದದಲ್ಲೇ ಉಳಿಯುತ್ತದೆ.

ಪರೀಕ್ಷೆ ಹೇಗಿರಬೇಕು?

ಪುಸ್ತಕ ತೆರೆದಿಟ್ಟುಕೊಂಡು ಬರೆಯುವಂತಿರಲಿ. ಒಂದು ಸುದ್ದಿ, ಒಂದು ನಕ್ಷೆ, ಒಂದು ಅಂಕಿ ಪಟ್ಟಿ ಕೊಟ್ಟು, ಇದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ಕೇಳಬೇಕು. ಆಂತರಿಕ ಅಂಕಗಳನ್ನು ಹಾಜರಾತಿಗೆ ಹಂಚಿ ಮುಗಿಸುವ ಬದಲು ಒಂದು ಬರವಣಿಗೆಗೆ ಕೊಡೋಣ. ಮೊದಲ ಕರಡು, ಅಧ್ಯಾಪಕರ ಟಿಪ್ಪಣಿ, ಎರಡನೆಯ ಕರಡು, ಮೂರೂ ಕಡತದಲ್ಲಿರಲಿ. ಮೊಬೈಲಿನಲ್ಲಿ ಒಂದು ಸಾಲು ಬರೆದರೆ ಪ್ರಬಂಧವೇ ತಯಾರಾಗಿ ಬರುವ ಈ ದಿನಗಳಲ್ಲಿ ಎದುರು ಕೂತು ಐದು ನಿಮಿಷ ಮಾತನಾಡಿಸುವ ಮೌಖಿಕ ಪರೀಕ್ಷೆಯೂ ಬೇಕೇಬೇಕು. ಎಪ್ಪತ್ತು ಎಂಬತ್ತು ಮಕ್ಕಳ ತರಗತಿಯಲ್ಲಿ ಇದು ಭಾರವೇ. ತಂಡ ಬೇಕು ಎಂದು ಹಟ ಹಿಡಿದಿರುವುದು ಅದಕ್ಕೇ.

ಕನ್ನಡದ ಸ್ಥಾನ ಏನು? ಹೊರ ರಾಜ್ಯದವರಿಗೂ ಕಡ್ಡಾಯವೇ?

2021ರಲ್ಲಿ ಪದವಿಯಲ್ಲಿ ಕನ್ನಡ ಕಡ್ಡಾಯ ಮಾಡಿದ ಆದೇಶ ಹೈಕೋರ್ಟ್ ಮೆಟ್ಟಿಲೇರಿತು. ಒತ್ತಾಯಿಸಬಾರದು ಎಂದು ನ್ಯಾಯಾಲಯ ಮಧ್ಯಂತರ ಆದೇಶದಲ್ಲಿ ಹೇಳಿತು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’ ಎಂದು ಎರಡು ದಾರಿ ಮಾಡಿಕೊಂಡಿದೆ. ಈ ವಿಂಗಡಣೆ ನನಗೆ ಇಷ್ಟ. ಬಾರದವರಿಗೆ ಆಡಲು ಓದಲು ಕಲಿಸೋಣ. ಬಲ್ಲವರನ್ನು ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಕರೆದೊಯ್ದು, ಬೆಂಗಳೂರು ಎಂಬ ಹೆಸರಿರುವ ಸುಮಾರು ಕ್ರಿ.ಶ. 890ರ ಶಾಸನವನ್ನು ತೋರಿಸೋಣ.

ಇನ್ನೊಂದು ವಿಷಯ ಇದಕ್ಕಿಂತ ತುರ್ತಿನದು. ಸಾಮಾನ್ಯ ಪತ್ರಿಕೆಗಳ ಒಳ್ಳೆಯ ಓದಿನ ಸಾಮಗ್ರಿ ಕನ್ನಡದಲ್ಲಿ ಇರಬೇಕು. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಚರ್ಚೆಯಲ್ಲಿ ಬಾಯಿ ಬಿಡದೆ ಕೂತಿದ್ದರೆ ಅವನಿಗೆ ವಿಷಯ ತಿಳಿಯದು ಎಂದು ಅರ್ಥವಲ್ಲ. ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದ ದಿನ ಹಿಂದಿನ ಬೆಂಚಿನಿಂದ ಎದ್ದ ಕೈಗಳನ್ನು ನಾನು ನೋಡಿದ್ದೇನೆ. ಪುಸ್ತಕ ಪ್ರಕಟಿಸುವ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಈ ಕೆಲಸ ಕೈಗೆತ್ತಿಕೊಳ್ಳಬೇಕು.

ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣದಲ್ಲಿ ಆನ್‌ಲೈನ್ ಕೋರ್ಸ್ ಮಾಡಿದರೆ ಸಾಲದೇ?

ಯುಜಿಸಿ ನಿಯಮಗಳ ಪ್ರಕಾರ ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇಕಡಾ 40ರವರೆಗೆ ‘ಸ್ವಯಂ’ ಕೋರ್ಸುಗಳಿಗೆ ಅವಕಾಶವಿದೆ. ನಿಮ್ಮ ಕಾಲೇಜಿನಲ್ಲಿ ಇಲ್ಲದ ವಿಷಯಕ್ಕೆ ಅದು ಒಳ್ಳೆಯದು. ಎದುರುಬದುರು ಕೂತು ವಾದ ಮಾಡಿ ಕಲಿಯಬೇಕಾದದ್ದಕ್ಕೆ ಸಾಲದು.

ಹೊರ ದೇಶಗಳಲ್ಲಿ ಹೇಗಿದೆ?

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ, 1919ರಲ್ಲಿ, ಆರಂಭವಾದ ಸಾಮಾನ್ಯ ಕೋರ್ಸ್ ಇಂದಿಗೂ ಇದೆ. ಅಲ್ಲಿ ಚಿಕ್ಕ ಗುಂಪುಗಳಲ್ಲಿ ಓದಿ ಚರ್ಚಿಸುತ್ತಾರೆ. ಅವರ ಪುಸ್ತಕಗಳ ಪಟ್ಟಿ ನಮಗೆ ಬೇಕಾಗಿಲ್ಲ, ಚಿಕ್ಕ ಗುಂಪು ಬೇಕು.

ಸಿಲಬಸ್ ತೀರ್ಮಾನಿಸುವವರು ಯಾರು? ನಾವು ಯಾರಿಗೆ ಹೇಳಬೇಕು?

ಪ್ರತಿ ವಿಷಯಕ್ಕೂ ವಿಶ್ವವಿದ್ಯಾಲಯದಲ್ಲಿ ಅಧ್ಯಯನ ಮಂಡಳಿ ಇರುತ್ತದೆ. ಅದು ಸಿದ್ಧಪಡಿಸಿದ್ದು ವಿದ್ಯಾವಿಷಯಕ ಪರಿಷತ್ತಿನ ಮುಂದೆ ಬರುತ್ತದೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ ಹಂಚಿಹೋದ ಮೇಲೆ ನಿಮ್ಮ ಕಾಲೇಜು ಯಾವುದಕ್ಕೆ ಸೇರಿದೆ ಎಂದು ಮೊದಲು ನೋಡಿಕೊಳ್ಳಿ. ಸ್ವಾಯತ್ತ ಕಾಲೇಜಾದರೆ ಮಂಡಳಿ ನಿಮ್ಮ ಕಟ್ಟಡದಲ್ಲೇ ಇದೆ; ಅಲ್ಲಿ ಬದಲಾವಣೆ ಬೇಗ ಸಾಧ್ಯ. ಬಿಬಿಎ, ಬಿಸಿಎ ಕೋರ್ಸುಗಳು 2024–25ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ವ್ಯಾಪ್ತಿಗೂ ಬಂದಿರುವುದರಿಂದ ಅದರ ಮಾದರಿ ಪಠ್ಯಕ್ರಮವನ್ನೂ ನೋಡಬೇಕು. ‘ಈ ಪತ್ರಿಕೆ ಬೇಡ’ ಎಂದು ಬರೆದ ಮನವಿಗಿಂತ, ಯಾವ ಘಟಕದ ಬದಲು ಯಾವುದು ಬೇಕು, ಎಷ್ಟು ಗಂಟೆ, ಯಾವ ಪುಸ್ತಕ ಎಂದು ಬರೆದ ಒಂದು ಪುಟ ಮಂಡಳಿಯ ಸಭೆಯಲ್ಲಿ ಹೆಚ್ಚು ದೂರ ಹೋಗುತ್ತದೆ.

ಮಧ್ಯದಲ್ಲಿ ಪಠ್ಯಕ್ರಮ ಬದಲಾದರೆ ನನ್ನ ಬ್ಯಾಕ್‌ಲಾಗ್ ಗತಿ ಏನು?

ಸೇರಿದ ಬ್ಯಾಚಿನ ಪಠ್ಯಕ್ರಮವೇ ನಿಮಗೆ ಅನ್ವಯ. ಹಳೆಯ ಪಠ್ಯಕ್ರಮದ ಪರೀಕ್ಷೆ ಎಷ್ಟು ವರ್ಷ ನಡೆಯುತ್ತದೆ ಎಂಬುದನ್ನು ಪರೀಕ್ಷಾ ವಿಭಾಗದಿಂದ ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ. ಹಳೆಯ ಸಿಲಬಸ್ ಪ್ರತಿಯನ್ನು ಎಸೆಯಬೇಡಿ.

ಆದೇಶಕ್ಕೆ ಕಾಯದೆ ಈ ಸೆಮಿಸ್ಟರಿನಲ್ಲೇ ಏನಾದರೂ ಮಾಡಬಹುದೇ?

ಖಂಡಿತ ಮಾಡಬಹುದು. ಈಗಿನ ಪರಿಸರ ಅಧ್ಯಯನದ ಪಠ್ಯದಲ್ಲಿ ನೀರಿನ ಘಟಕ ಇದೆ. ಅದರ ಐದಾರು ಗಂಟೆಗಳನ್ನು ಕಾಲೇಜಿಗೆ ಹತ್ತಿರದ ಕೆರೆಗೆ ಮೀಸಲಿಡಿ. ಹಳೆಯ ನಕ್ಷೆಯಲ್ಲಿ ಅದರ ಅಂಚು ಎಲ್ಲಿತ್ತು, ಒಳಹರಿವಿನ ರಾಜಕಾಲುವೆ ಈಗ ಎಲ್ಲಿದೆ, ಅದರ ಮೇಲೆ ಏನು ಕಟ್ಟಿದ್ದಾರೆ ಎಂದು ಮಕ್ಕಳು ನಡೆದು ನೋಡಿ ಗುರುತು ಹಾಕಲಿ. ದಡದಲ್ಲಿ ಮೀನು ಹಿಡಿಯುವವರನ್ನೂ, ಪಕ್ಕದ ಅಪಾರ್ಟ್‌ಮೆಂಟಿನ ಕೊಳಚೆ ನೀರು ಶುದ್ಧೀಕರಣ ಘಟಕ ನಡೆಸುವವರನ್ನೂ ಮಾತನಾಡಿಸಲಿ. ಆಂತರಿಕ ಅಂಕಗಳಿಗೆ ಈ ಕೆಲಸವನ್ನೇ ಪರಿಗಣಿಸಲು ಪ್ರಾಂಶುಪಾಲರ ಒಪ್ಪಿಗೆ ಸಾಮಾನ್ಯವಾಗಿ ಸಾಕಾಗುತ್ತದೆ; ಅಂಕ ಹಂಚಿಕೆಯ ನಿಯಮವನ್ನು ಒಮ್ಮೆ ನೋಡಿಕೊಂಡು ಅರ್ಜಿ ಕೊಡಿ. ವರದಿಯನ್ನು ಇಂಗ್ಲಿಷಿನಲ್ಲಾಗಲಿ ಕನ್ನಡದಲ್ಲಾಗಲಿ ಬರೆಯಲು ಬಿಡಿ. ಸೆಮಿಸ್ಟರ್ ಮುಗಿದ ಮೇಲೆ ಆ ವರದಿಗಳ ಒಂದು ಪ್ರತಿ ಗ್ರಂಥಾಲಯಕ್ಕೆ, ಇನ್ನೊಂದು ಅಧ್ಯಯನ ಮಂಡಳಿಯ ಅಧ್ಯಕ್ಷರಿಗೆ ಹೋಗಲಿ. ಮುಂದಿನ ಬ್ಯಾಚು ಅದೇ ಕೆರೆಯನ್ನು ತೆಗೆದುಕೊಂಡು, ಹಿಂದಿನವರ ಗುರುತುಗಳಿಂದ ಮುಂದುವರಿಯಲಿ.